ಕತ್ತರಿ, ಗೋಂದು ಮತ್ತು ಇತಿಹಾಸ

ಕೈಯಾರೆ ಮಾಡಿದ ಶುಭಾಶಯ ಪತ್ರಗಳಿಗೂ ಅಂಗೈಯಗಲದ ಆಲ್ಬಮ್‌ಗಳಿಗೂ ಈಗ ಮತ್ತೆ ಬೆಲೆ ಬಂದಿದೆ. ಹೂವಿನ ಆಕಾರದ ರಬ್ಬರ್ ಮುದ್ರೆಗಳು, ಶಾಯಿಯ ಪ್ಯಾಡುಗಳು, ಬಣ್ಣದ ಕಾಗದಗಳು, ರಿಬ್ಬನ್ನುಗಳು ಅಂಗಡಿಗಳಲ್ಲಿ ಸಿಗುತ್ತಿವೆ. ಇವನ್ನು ಕಂಡು ‘ಕೆಲಸವಿಲ್ಲದವರ ಕಾಲಹರಣ’ ಎನ್ನುವವರೂ ಉಂಟು. ಬಹುಕಾಲ ಪ್ರೌಢಶಾಲೆಯಲ್ಲಿ ಇತಿಹಾಸವನ್ನು ಬೋಧಿಸಿದ ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಈ ಕೆಲಸಕ್ಕೆ ತನ್ನದೇ ಆದ ಇತಿಹಾಸವಿದೆ; ಇತಿಹಾಸವನ್ನು ಉಳಿಸಿಕೊಟ್ಟ ಕೀರ್ತಿಯೂ ಇದಕ್ಕೆ ಸಲ್ಲಬೇಕು.

ಮೊದಲು ಅಂಚೆಯ ವಿಷಯ. 1840ಕ್ಕೆ ಮುಂಚೆ ಬ್ರಿಟನ್ನಿನಲ್ಲಿ ದೂರ ಹೆಚ್ಚಿದಂತೆ ಅಂಚೆಯ ದರವೂ ಹೆಚ್ಚುತ್ತಿತ್ತು. ಅನೇಕ ವೇಳೆ ಪತ್ರ ಪಡೆದವರೇ ಹಣ ತೆರಬೇಕಾಗಿತ್ತು. ರೋಲೆಂಡ್ ಹಿಲ್ ಅವರ ಸಲಹೆಯಂತೆ ಆ ವರ್ಷದ ಜನವರಿಯಿಂದ ದೇಶದೊಳಗೆ ಎಲ್ಲಿಗಾದರೂ ಹಗುರವಾದ ಪತ್ರವೊಂದಕ್ಕೆ ಒಂದು ಪೆನ್ನಿ ಎಂದು ನಿಗದಿಯಾಯಿತು. ಮೂರು ವರ್ಷಗಳ ಬಳಿಕ, 1843ರಲ್ಲಿ, ಹೆನ್ರಿ ಕೋಲ್ ಎಂಬ ಅಧಿಕಾರಿ ಕಲಾವಿದ ಜಾನ್ ಹಾರ್ಸ್ಲಿ ಅವರಿಂದ ಚಿತ್ರ ಬರೆಸಿ ಸುಮಾರು 1000 ಕ್ರಿಸ್‌ಮಸ್ ಪತ್ರಗಳನ್ನು ಅಚ್ಚು ಹಾಕಿಸಿದರು. ರೇಖೆಗಳು ಕಲ್ಲಚ್ಚಿನವು, ಬಣ್ಣ ಕೈಯಿಂದ ತುಂಬಿದ್ದು. ಒಂದರ ಬೆಲೆ ಒಂದು ಶಿಲ್ಲಿಂಗ್, ಅಂದರೆ 12 ಪೆನ್ನಿ. ಕಳುಹಿಸುವ ಖರ್ಚಿನ ಹನ್ನೆರಡು ಪಟ್ಟು! ಅಂಚೆ ಬಡವರ ಕೈಗೆಟುಕಿದರೂ ಅಚ್ಚಾದ ಪತ್ರ ಎಟುಕಲಿಲ್ಲ.

ಇದೇ ಕಾಲದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವೂಸ್ಟರ್ ಪಟ್ಟಣದಲ್ಲಿ ಎಸ್ತರ್ ಹೌಲೆಂಡ್ ಎಂಬ ತರುಣಿ ಇದ್ದಳು. ಜನನ 1828ರಲ್ಲಿ, ತಂದೆಗೆ ಪುಸ್ತಕ ಮತ್ತು ಲೇಖನ ಸಾಮಗ್ರಿಗಳ ಅಂಗಡಿ. 1847ರಲ್ಲಿ ಮೌಂಟ್ ಹೋಲಿಯೋಕ್ ವಿದ್ಯಾಲಯದಲ್ಲಿ ಓದು ಮುಗಿಸಿದಳು. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ತಯಾರಾದ ಒಂದು ವ್ಯಾಲೆಂಟೈನ್ ಪತ್ರ ಅವಳ ಕೈಸೇರಿತು. ಜಾಲರಿಯಂತೆ ಕೊರೆದ ಲೇಸ್ ಕಾಗದದ ಸೊಗಸಾದ ಪತ್ರ ಅದು. ‘ಇದನ್ನು ನಾನೂ ಮಾಡಬಲ್ಲೆ’ ಎಂದುಕೊಂಡು ಆಕೆ ತಂದೆಯ ಮೂಲಕ ಲೇಸ್ ಕಾಗದವನ್ನೂ ಹೂಚಿತ್ರಗಳನ್ನೂ ತರಿಸಿಕೊಂಡು ಕೆಲವು ಮಾದರಿಗಳನ್ನು ಸಿದ್ಧಪಡಿಸಿದಳು. ವ್ಯಾಪಾರಕ್ಕೆಂದು ಊರೂರು ತಿರುಗುತ್ತಿದ್ದ ಸಹೋದರ ಅವನ್ನೂ ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟನು. ಇನ್ನೂರು ಡಾಲರಿನ ಬೇಡಿಕೆ ಬಂದರೆ ಸಾಕೆಂದಿದ್ದವಳಿಗೆ ಐದು ಸಾವಿರ ಡಾಲರಿಗೂ ಮೀರಿದ ಬೇಡಿಕೆ ಬಂದಿತೆಂದು ಹೇಳುತ್ತಾರೆ.

ಒಬ್ಬಳಿಂದ ಆಗದ ಕೆಲಸ. ಎಸ್ತರ್ ತನ್ನ ಗೆಳತಿಯರನ್ನು ಮನೆಗೆ ಕರೆದು ಮೇಜಿನ ಸುತ್ತ ಕೂರಿಸಿದಳು. ಒಬ್ಬಳು ಚಿತ್ರಗಳನ್ನು ಕತ್ತರಿಸಿದರೆ, ಇನ್ನೊಬ್ಬಳು ಹಿನ್ನೆಲೆಯ ಕಾಗದ ಹಚ್ಚುವಳು, ಮತ್ತೊಬ್ಬಳು ಅದರ ಮೇಲೆ ಲೇಸ್ ಕೂರಿಸುವಳು. ಹೆನ್ರಿ ಫೋರ್ಡ್ ಅವರ ಕಾರ್ಖಾನೆಯ ಚಲಿಸುವ ಜೋಡಣಾ ಸಾಲು 1913ರದು ಎಂದು ನಾವು ಪಾಠದಲ್ಲಿ ಓದಿದ್ದೇವೆ. ಅದಕ್ಕೆ ಅರವತ್ತು ವರ್ಷಗಳಿಗೂ ಮುಂಚೆ, ಯಂತ್ರವೇ ಇಲ್ಲದ ಒಂದು ಕೋಣೆಯಲ್ಲಿ, ಹೆಣ್ಣುಮಕ್ಕಳು ಕೆಲಸವನ್ನು ಹೀಗೆ ಹಂಚಿಕೊಂಡಿದ್ದರು. ಮನೆ ಬಿಟ್ಟು ಬರಲಾಗದ ಹೆಂಗಸರಿಗೆ ಸಾಮಗ್ರಿಯ ಪೆಟ್ಟಿಗೆ ಮನೆಗೇ ಹೋಗುತ್ತಿತ್ತು. ಮನೆಯಲ್ಲೇ ಕುಳಿತು ಊದುಬತ್ತಿ ಹೊಸೆಯುವ, ಬೀಡಿ ಕಟ್ಟುವ ತಾಯಂದಿರನ್ನು ಬಲ್ಲ ನಮಗೆ ಈ ವ್ಯವಸ್ಥೆ ಹೊಸದೇನಲ್ಲ.

1879ರಲ್ಲಿ ಆಕೆ ಪದ್ಯಗಳ ಒಂದು ಪುಸ್ತಕವನ್ನೇ ಹೊರತಂದಳು. ಪತ್ರದೊಳಗಿನ ಪದ್ಯ ಹಿಡಿಸದಿದ್ದರೆ ಇನ್ನೊಂದನ್ನು ಆರಿಸಿ ಅದರ ಮೇಲೆ ಅಂಟಿಸಬಹುದಾಗಿತ್ತು. ಇಂದು ಸ್ಕ್ರ್ಯಾಪ್‌ಬುಕ್ ಅಂಗಡಿಯಲ್ಲಿ ಸಿಗುವ ಅಕ್ಷರದ ಚೀಟಿಗಳ ಅಜ್ಜಿ ಇದು ಎನ್ನಬಹುದು. 1881ರಲ್ಲಿ ಎಸ್ತರ್ ವ್ಯಾಪಾರವನ್ನು ಅದೇ ಊರಿನ ಜಾರ್ಜ್ ವಿಟ್ನಿಗೆ ಮಾರಿದಳು. ಆ ಕಂಪನಿಯಲ್ಲಿ ಯಂತ್ರಗಳು ಬಂದವು. ಎರಡನೆಯ ಮಹಾಯುದ್ಧದ ಕಾಗದದ ಅಭಾವದಲ್ಲಿ, 1942ರಲ್ಲಿ, ಅದು ಮುಚ್ಚಿಹೋಯಿತು. ಆದರೆ ಮೇಜಿನ ಸುತ್ತ ಕುಳಿತು ಕತ್ತರಿಸಿ ಅಂಟಿಸುವ ಪದ್ಧತಿ ಉಳಿದುಕೊಂಡಿತು.

ಇನ್ನು ಆಲ್ಬಮ್‌ಗಳ ಕಥೆ. ಪತ್ರಿಕೆಗಳು ಅಗ್ಗವಾದಂತೆ ತುಣುಕುಗಳನ್ನು ಕತ್ತರಿಸಿ ಪುಸ್ತಕಕ್ಕೆ ಅಂಟಿಸುವ ಅಭ್ಯಾಸ ಅಮೆರಿಕದಲ್ಲಿ ಮನೆಮನೆಗೂ ಹಬ್ಬಿತು. ಸಾಹಿತಿ ಮಾರ್ಕ್ ಟ್ವೇನ್ ಪುಟಗಳಿಗೆ ಮೊದಲೇ ಗೋಂದು ಸವರಿದ, ಒದ್ದೆ ಮಾಡಿದರೆ ಅಂಟಿಕೊಳ್ಳುವ ಪುಸ್ತಕವೊಂದನ್ನು ರೂಪಿಸಿ 1873ರಲ್ಲಿ ಪೇಟೆಂಟ್ ಪಡೆದರು. ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು ಮಾತ್ರ ಫಿಲಡೆಲ್ಫಿಯಾ ನಗರದ ವಿಲಿಯಂ ಡಾರ್ಸಿ ಅವರ ಕೆಲಸ. ಅವರು ಕಪ್ಪುಜನಾಂಗದವರು, ತಂದೆ ಗುಲಾಮಗಿರಿಯಲ್ಲಿ ಹುಟ್ಟಿದವರು. ತಮ್ಮ ಜನರ ಬದುಕನ್ನು ಕುರಿತ ಪತ್ರಿಕಾ ತುಣುಕುಗಳನ್ನು ಅವರು ದಶಕಗಳ ಕಾಲ ಕೂಡಿಹಾಕಿ ಸುಮಾರು 400 ಪುಸ್ತಕಗಳಲ್ಲಿ ಅಂಟಿಸಿದರು. 1923ರಲ್ಲಿ ಅವರು ತೀರಿಕೊಂಡರು. ಆ ಪುಸ್ತಕಗಳು 1970ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದವು. ಅವನ್ನು ಆಧರಿಸಿ ರೋಜರ್ ಲೇನ್ ಎಂಬ ಇತಿಹಾಸಕಾರರು 1991ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಪಠ್ಯಪುಸ್ತಕಗಳು ಜಾಗ ಕೊಡದ ಜನರಿಗೆ ಗೋಂದಿನ ಪುಸ್ತಕ ಜಾಗ ಕೊಟ್ಟಿತ್ತು.

ನಮ್ಮಲ್ಲಿಯೂ ಕೈಯ ಈ ಹಂಬಲ ಇಲ್ಲದಿರಲಿಲ್ಲ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟಗಳು ಮನೆಮನೆಗೆ ಬಂದವು. ಅಚ್ಚಾದ ಪಟವನ್ನು ಹಾಗೆಯೇ ತೂಗುಹಾಕಲು ಒಪ್ಪದ ಕೆಲವರು ಸೀರೆಯ ಭಾಗಕ್ಕೆ ಬಟ್ಟೆ ಅಂಟಿಸಿ, ಜರಿ, ಚಮಕಿಗಳಿಂದ ಸಿಂಗರಿಸಿದರು. ಇನ್ನು ಎಸ್.ಎಸ್.ಎಲ್.ಸಿ. ಬೀಳ್ಕೊಡುಗೆಯ ಆಟೋಗ್ರಾಫ್ ಪುಸ್ತಕ ನೆನಪಿದೆಯೇ? ಗುಲಾಬಿ, ಹಳದಿ, ಹಸಿರು ಹಾಳೆಗಳು, ನಡುವೆ ಒಣಗಿದ ಹೂವಿನ ಎಸಳು, ಅನ್ನದ ಅಗುಳಿನಿಂದ ಅಂಟಿಸಿದ ಪುಟ್ಟ ಭಾವಚಿತ್ರ. ‘ಮರೆಯದಿರು’ ಎಂದು ಬರೆದವರೆಷ್ಟು ಜನ! ಅದೂ ಒಂದು ಪುಟ್ಟ ಆಲ್ಬಮ್ಮೇ.

ಇಂಥವು ಅಳಿಯುವುದು ಎರಡು ರೀತಿಯಲ್ಲಿ. ಒಂದು, ಕಾಗದದ ದೋಷದಿಂದ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲವಿರುವುದರಿಂದ ಅದು ಹಳದಿಗಟ್ಟಿ ಪುಡಿಯಾಗುತ್ತದೆ, ಪಕ್ಕದ ಭಾವಚಿತ್ರವನ್ನೂ ಕೆಡಿಸುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಅಂಟುಪುಟದ ಆಲ್ಬಮ್‌ಗಳೂ ಅಷ್ಟೇ ಅಪಾಯಕಾರಿ. ಆದುದರಿಂದ ಆಮ್ಲರಹಿತ ಕಾಗದವನ್ನೇ ಬಳಸಿರಿ. ಬೆಳ್ಳಿಮೀನುಹುಳದ ಕಾಟವಿರುವ ಮನೆಯಲ್ಲಿ ಮೈದಾ ಅಂಟು ಬೇಡ. ಎರಡನೆಯದು ನಮ್ಮ ಉದಾಸೀನ. ಮನೆ ಬದಲಾಯಿಸುವಾಗ, ಹಿರಿಯರು ಹೋದ ಮೇಲೆ, ಹಳೆಯ ಕಾಗದಗಳೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ರಾಜರ ಶಾಸನಗಳು ಕಲ್ಲಿನ ಮೇಲಿವೆ, ಸರ್ಕಾರದ ಕಡತಗಳು ಪತ್ರಾಗಾರದಲ್ಲಿವೆ. ನಮ್ಮ ಅಜ್ಜಿಯರ ಕೈಬರಹಕ್ಕೆ ಮನೆಯ ಟ್ರಂಕಿನ ಹೊರತು ಬೇರೆ ಪತ್ರಾಗಾರವಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮ ಮಕ್ಕಳು ಬೆಂಡೆಕಾಯಿ ಕತ್ತರಿಸಿ ಬಣ್ಣದಲ್ಲಿ ಅದ್ದಿ ಅಚ್ಚೊತ್ತುತ್ತಿದ್ದರೆ ಗದರಿಸಬೇಡಿರಿ. ಅವರೊಡನೆ ಕುಳಿತು ಮನೆಯ ಒಂದು ಆಲ್ಬಮ್ ಮಾಡಿರಿ. ಪ್ರತಿ ಚಿತ್ರದ ಕೆಳಗೆ ಹೆಸರು, ಊರು, ಇಸವಿ ಬರೆಯಿರಿ. ಚಿತ್ರದಲ್ಲಿರುವವರು ಯಾರೆಂದು ಬಲ್ಲ ಹಿರಿಯರು ಮನೆಯಲ್ಲಿದ್ದರೆ, ಈ ಭಾನುವಾರವೇ ಕೇಳಿ ಬರೆದುಕೊಳ್ಳಿರಿ.