ಮಾನಸಿಕ ಆರೋಗ್ಯ ಸಂಸ್ಥೆ ನಡೆಸೋರು ಯಾರು? ಮಕ್ಕಳನ್ನು ಕಳಿಸುವ ಮುನ್ನ, ದೇಣಿಗೆ ಕೊಡುವ ಮುನ್ನ ತಿಳಿದಿರಲಿ

ಹುಣಸೂರು/ಪಿರಿಯಾಪಟ್ಟಣ/ಕೆ.ಆರ್. ನಗರ/ಎಚ್.ಡಿ. ಕೋಟೆ: ಪಿಯುಸಿ ಫೇಲಾಗಿ ಮಾತು ಬಿಟ್ಟ ಮಗ, ಕುಡಿತ ಬಿಡಲಾಗದ ಅಪ್ಪ, ಹೊಗೆಸೊಪ್ಪಿನ ಸಾಲದ ಚಿಂತೆಯಲ್ಲಿ ನಿದ್ದೆ ಕೆಟ್ಟ ಮನೆ. ಇಂಥ ಹೊತ್ತಲ್ಲಿ ಯಾರೋ ಒಂದು ಟ್ರಸ್ಟ್ ಹೆಸರು ಹೇಳ್ತಾರೆ, ‘ಅಲ್ಲಿ ಕೌನ್ಸೆಲಿಂಗ್ ಫ್ರೀ, ಕರ್ಕೊಂಡು ಹೋಗಿ’ ಅಂತಾರೆ. ಅದೇ ಟ್ರಸ್ಟ್‌ನವರು ರಶೀದಿ ಪುಸ್ತಕ ಹಿಡಿದು ಅಂಗಡಿಗೂ ಬರ್ತಾರೆ. ಎರಡೂ ಕಡೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ನಡೆಸೋರು ಯಾರು, ನಾಳೆ ಅವರು ಇಲ್ಲದಿದ್ದರೆ ಹೊಣೆ ಯಾರದು?

ಜ್ವರಕ್ಕೆ ಮೂರು ದಿನದ ಮಾತ್ರೆ ಸಾಕು. ಮನಸ್ಸಿನ ತೊಂದರೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಆಸರೆ ಬೇಕು. ಹುಡುಗ ನಂಬಿ ಬಾಯಿ ಬಿಡೋ ಹೊತ್ತಿಗೆ ಸಂಸ್ಥೆ ಬಾಗಿಲು ಹಾಕಿದರೆ, ಮತ್ತೆ ಇನ್ನೊಬ್ಬರ ಹತ್ತಿರ ಮಾತಾಡೋಕೆ ಅವನು ಒಪ್ಪೋದು ಕಷ್ಟ.

ಸಂಸ್ಥೆಯಲ್ಲಿ ಯಾರ ಕೆಲಸ ಏನು?

ನಮ್ಮ ಕಡೆ ಕಾಣುವ ಸಂಸ್ಥೆಗಳು ಸಾಮಾನ್ಯವಾಗಿ ಮೂರು ಬಗೆ: ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಸಂಘ, ಟ್ರಸ್ಟ್ ಡೀಡ್ ಮಾಡಿಸಿದ ಟ್ರಸ್ಟ್, ಮತ್ತು ಕಂಪನಿ ಕಾಯ್ದೆ 2013ರ ಸೆಕ್ಷನ್ 8ರ ಕಂಪನಿ. ಸಂಘ ನೋಂದಣಿಗೆ ಕನಿಷ್ಠ 7 ಜನ ಬೇಕು. ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಿ, ಆಡಳಿತ ಮಂಡಳಿ ಪಟ್ಟಿ ಮತ್ತು ಲೆಕ್ಕಪತ್ರವನ್ನು ರಿಜಿಸ್ಟ್ರಾರ್‌ಗೆ ಕೊಡಬೇಕು.

ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಇರುವುದು ಆಡಳಿತ ಮಂಡಳಿಯಲ್ಲಿ. ದಾರಿ ತೋರಿಸೋದು, ಹಣದ ಲೆಕ್ಕ ಕೇಳೋದು ಇವರ ಕೆಲಸ. ದಿನದ ವ್ಯವಹಾರ ನೋಡೋರು ಸಂಬಳದ ಮುಖ್ಯಸ್ಥರು. ಮೂರನೆಯವರು ಚಿಕಿತ್ಸೆಯ ಹೊಣೆ ಹೊತ್ತವರು. ಅವರು ಮನೋವೈದ್ಯರಾದರೆ ವೈದ್ಯಕೀಯ ಪರಿಷತ್ತಿನ ನೋಂದಣಿ ಇರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಮೂರೂ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರೆ ಅವರನ್ನು ಪ್ರಶ್ನೆ ಮಾಡೋರೇ ಇರಲ್ಲ.

ಪಕ್ಕದ ಸರಗೂರಿನ ಉದಾಹರಣೆ

ಸಂಸ್ಥೆ ಹೇಗೆ ಬಾಳುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದರು. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಲ್ಲಿ ಚಿಕಿತ್ಸೆಯಿಂದ ಆರಂಭವಾದ ಕೆಲಸ ಕೆಂಚನಹಳ್ಳಿ ಮತ್ತು ಸರಗೂರಿನ ಆಸ್ಪತ್ರೆ, ಹೊಸಹಳ್ಳಿಯ ಆದಿವಾಸಿ ಮಕ್ಕಳ ಶಾಲೆವರೆಗೆ ಬೆಳೆಯಿತು.

ಇದು ಮಾನಸಿಕ ಆರೋಗ್ಯಕ್ಕೇ ಮೀಸಲಾದ ಸಂಸ್ಥೆಯಲ್ಲ. ಆದರೆ ಮುಂದಾಳತ್ವದ ವಿಚಾರಕ್ಕೆ ಒಳ್ಳೆ ಪಾಠ. ಸ್ಥಾಪಕರು 2021ರಲ್ಲಿ ಕೇಂದ್ರ ಸರ್ಕಾರದ ಸಾಮರ್ಥ್ಯ ವೃದ್ಧಿ ಆಯೋಗದ ಸದಸ್ಯರಾದರು. ಆಸ್ಪತ್ರೆ, ಶಾಲೆ ನಿಲ್ಲಲಿಲ್ಲ. ಡಾ. ಎಂ.ಎ. ಬಾಲಸುಬ್ರಹ್ಮಣ್ಯ, ಡಾ. ಎಂ.ಆರ್. ಸೀತಾರಾಮ್ ಅವರಂಥ ವೈದ್ಯರು ಮೊದಲಿನಿಂದಲೇ ಜವಾಬ್ದಾರಿ ಹಂಚಿಕೊಂಡಿದ್ದರು. ಎರಡನೇ ಸಾಲಿನವರನ್ನು ಮುಂಚೆಯೇ ತಯಾರು ಮಾಡಿಟ್ಟ ಸಂಸ್ಥೆಗೆ ಸ್ಥಾಪಕರು ಬೇರೆ ಕೆಲಸಕ್ಕೆ ಹೋದರೂ ಕೈಕಾಲು ಬೀಳಲ್ಲ.

ಬೆಂಗಳೂರಿನ ಎರಡು ದಾರಿ

ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ನಮ್ಮಲ್ಲೂ ಎಷ್ಟೋ ಜನ ಓದಿದ್ದಾರೆ. ಅವರ ‘ಸಮಾಧಾನ’ ಕೇಂದ್ರದಲ್ಲಿ ಉಚಿತವಾಗಿ ಆಪ್ತಸಲಹೆ ಕೊಡುವುದರ ಜೊತೆಗೆ ಸ್ವಯಂಸೇವಕರಿಗೆ ತರಬೇತಿಯೂ ಇದೆ. ತಾವೊಬ್ಬರೇ ಎಲ್ಲರನ್ನೂ ನೋಡೋಕಾಗಲ್ಲ ಅಂತ ತಿಳಿದು ಆಪ್ತಸಲಹೆಗಾರರನ್ನೇ ಬೆಳೆಸುವ ದಾರಿ ಇದು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇನ್ನೊಂದು, ಡಾ. ನಿರ್ಮಲಾ ಶ್ರೀನಿವಾಸನ್ ಮುಂದಾಳತ್ವದಲ್ಲಿ ಹುಟ್ಟಿದ ‘ಅಮೆಂಡ್’. ಇದು ಮಾನಸಿಕ ಕಾಯಿಲೆ ಇರುವವರ ಮನೆಯವರೇ ಸೇರಿ ಕಟ್ಟಿದ ಸಂಘ. ಮಾತ್ರೆ ತಪ್ಪಿದರೆ ಏನಾಗುತ್ತೆ, ರಾತ್ರಿ ಹೇಗಿರುತ್ತೆ ಅಂತ ಮನೆಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಡಳಿತ ಮಂಡಳಿಯಲ್ಲಿ ಅಂಥವರಿಗೆ ಒಂದೆರಡು ಜಾಗ ಇದ್ದರೆ ತೀರ್ಮಾನಗಳು ನೆಲದ ಮೇಲಿರುತ್ತವೆ.

ಮಕ್ಕಳನ್ನು ಕರೆದೊಯ್ಯುವ ಮುನ್ನ ಕೇಳಿ

1. ಮಗುವಿನ ಜೊತೆ ಮಾತಾಡುವವರು ಏನು ಓದಿದ್ದಾರೆ? ಅವರ ಮೇಲುಸ್ತುವಾರಿ ಯಾರದು?

2. ಕೇಸ್ ಫೈಲ್ ಯಾರ್‍ಯಾರು ನೋಡ್ತಾರೆ? ನಮ್ಮಂಥ ಸಣ್ಣ ಊರಲ್ಲಿ ಕಮಿಟಿ ಮೆಂಬರು ನಿಮ್ಮ ನೆಂಟರೋ, ಗಿರಾಕಿಯೋ ಆಗಿರಬಹುದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ರೋಗಿಯ ಮಾಹಿತಿ ಗುಟ್ಟಾಗಿರಬೇಕು. ‘ಅಧ್ಯಕ್ಷರೇ ಎಲ್ಲಾ ನೋಡ್ತಾರೆ’ ಅನ್ನೋ ಉತ್ತರ ಬಂದರೆ ಹುಷಾರಾಗಿರಿ.

3. ಒಳರೋಗಿಯಾಗಿ ಇಟ್ಟುಕೊಳ್ಳುವ ಕೇಂದ್ರವಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯಾ? ಕುಡಿತ ಬಿಡಿಸೋ ಕೇಂದ್ರಕ್ಕೂ ಇದೇ ಪ್ರಶ್ನೆ ಕೇಳಿ. ಸರಪಳಿ ಹಾಕಿ ಕಟ್ಟೋದು ಕಾನೂನಿಗೆ ವಿರುದ್ಧ.

4. ಮಕ್ಕಳ ಸುರಕ್ಷತೆಗೆ ಬರೆದಿಟ್ಟ ನಿಯಮ ಇದೆಯಾ? ದೂರು ಇದ್ದರೆ ಯಾರಿಗೆ ಕೊಡಬೇಕು? ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯಡಿ ತಿಳಿಸಲೇಬೇಕು, ಸಂಸ್ಥೆ ಒಳಗೇ ರಾಜಿ ಮಾಡುವಂತಿಲ್ಲ.

5. ಈ ಕೌನ್ಸೆಲರ್ ಬಿಟ್ಟು ಹೋದರೆ ಮುಂದೆ ಯಾರು ನೋಡ್ತಾರೆ?

ಸರಿಯಾದ ಸಂಸ್ಥೆಯವರು ಈ ಪ್ರಶ್ನೆಗಳಿಗೆ ಸಿಟ್ಟಾಗಲ್ಲ. ಕೂರಿಸಿ ಉತ್ತರ ಹೇಳ್ತಾರೆ.

ಅಂಗಡಿಯವರಿಗೆ: ದೇಣಿಗೆ ಕೊಡುವಾಗ

ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಗೇ ಹಾಕಿ, ವ್ಯಕ್ತಿಯ ಫೋನ್‌ಪೇ ನಂಬರಿಗೆ ಬೇಡ. ಕಳೆದ ವರ್ಷದ ಆಡಿಟ್ ವರದಿ ಕೇಳಿ. ನೀತಿ ಆಯೋಗದ ಎನ್‌ಜಿಒ ದರ್ಪಣ್‌ನಲ್ಲಿ ನೋಂದಣಿ ಮಾಡಿಸಿದ ಸಂಸ್ಥೆಗೆ ಒಂದು ಗುರುತಿನ ಸಂಖ್ಯೆ ಇರುತ್ತೆ, ಅದನ್ನೂ ಕೇಳಬಹುದು. ತೆರಿಗೆ ವಿನಾಯಿತಿ ಬೇಕಿದ್ದರೆ ₹2,000ಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡಬೇಡಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿ ಸಿಗಲ್ಲ.

ಕಟ್ಟಡಕ್ಕೆ, ಶಾಮಿಯಾನಕ್ಕೆ, ಸನ್ಮಾನಕ್ಕೆ ದೇಣಿಗೆ ಸುಲಭವಾಗಿ ಹುಟ್ಟುತ್ತೆ. ಕೌನ್ಸೆಲರ್ ಸಂಬಳಕ್ಕೆ ಹುಟ್ಟೋದು ಕಷ್ಟ. ಆದರೆ ಮಗುವಿನ ಮುಂದೆ ಕೂತು ಮಾತು ಕೇಳೋರು ಅವರೇ. ‘ನನ್ನ ಹಣ ಸಂಬಳಕ್ಕೆ ಹೋಗಲಿ’ ಅಂತ ಹೇಳಿ ಕೊಡಿ.

ಖಜಾಂಚಿ ಆಗಿ ಅಂತ ಕರೆದರೆ

ಲೆಕ್ಕ ಗೊತ್ತಿರೋ ವರ್ತಕರನ್ನು ಕಮಿಟಿಗೆ ಕರೆಯೋದು ನಮ್ಮಲ್ಲಿ ವಾಡಿಕೆ. ಒಪ್ಪುವ ಮುನ್ನ ಬೈಲಾ ಓದಿ. ಚೆಕ್‌ಗೆ ಇಬ್ಬರ ಸಹಿ ಇರಲಿ, ಖಾಲಿ ಚೆಕ್‌ಗೆ ಸಹಿ ಹಾಕಬೇಡಿ. ಸಭೆಯ ನಡಾವಳಿ ಬರೆಸಿ. ಅಧ್ಯಕ್ಷರ ಅವಧಿ ಎಷ್ಟು ವರ್ಷ, ಮುಂದಿನವರು ಯಾರು ಅಂತ ಮೊದಲ ಸಭೆಯಲ್ಲೇ ಕೇಳಿ. ಗಂಡ, ಹೆಂಡತಿ, ಭಾಮೈದ ಇಷ್ಟೇ ಜನ ಇರುವ ಮಂಡಳಿಯಾದರೆ ಹೊರಗಿನವರನ್ನು ಸೇರಿಸಲು ಹೇಳಿ.

ಸಂಸ್ಥೆ ಸಿಗದಿದ್ದರೆ ಎಲ್ಲಿಗೆ ಹೋಗೋದು?

ಸರ್ಕಾರದ ವ್ಯವಸ್ಥೆ ಇದ್ದೇ ಇದೆ. ದೇಶಕ್ಕೆ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲು ರೂಪುಗೊಂಡದ್ದು ನಮ್ಮ ರಾಜ್ಯದಲ್ಲೇ, 1985ರಲ್ಲಿ ಬಳ್ಳಾರಿಯಲ್ಲಿ, ನಿಮ್ಹಾನ್ಸ್ ನೆರವಿನಿಂದ. ಈಗ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಸುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ ವೈದ್ಯರು ಬರ್ತಾರೆ ಅಂತ ವಿಚಾರಿಸಿಕೊಂಡು ಹೋಗಿ. ಆಶಾ ಕಾರ್ಯಕರ್ತೆಯರನ್ನೂ ಕೇಳಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಯುವಜನರಿಗೆ ಯುವ ಸಬಲೀಕರಣ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ರೂಪಿಸಿದ ‘ಯುವ ಸ್ಪಂದನ’ ಇದೆ.

ತಕ್ಷಣ ಯಾರ ಹತ್ತಿರವಾದರೂ ಮಾತಾಡಬೇಕಿದ್ದರೆ ಟೆಲಿ ಮನಸ್: 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳು ಅಪಾಯದಲ್ಲಿದ್ದರೆ 1098. ಜೀವ ಕಳ್ಕೊಳ್ಳೋ ಮಾತು ಬಂದರೆ ಅವರನ್ನು ಒಬ್ಬರೇ ಬಿಡಬೇಡಿ, ಮನೆಯಲ್ಲಿರೋ ಕೀಟನಾಶಕವನ್ನು ಬೀಗ ಹಾಕಿಡಿ ಇಲ್ಲವೇ ಬೇರೆಡೆ ಸಾಗಿಸಿ, ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ‘ಪೊಲೀಸ್ ಕೇಸ್ ಆಗುತ್ತೆ’ ಅಂತ ಹೆದರಿ ಮುಚ್ಚಿಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ 2017ರ ಕಾಯ್ದೆ ಪರಿಗಣಿಸುತ್ತೆ. ಅವರಿಗೆ ಬೇಕಾದ್ದು ಶಿಕ್ಷೆಯಲ್ಲ, ಆರೈಕೆ.