ನಡುಸಾಲಿನ ದುಡಿಮೆ: ಕರ್ನಾಟಕದ ಹಾಕಿಯಲ್ಲಿ ಹಾಫ್ ಬ್ಯಾಕ್‌ನಿಂದ ಮಿಡ್‌ಫೀಲ್ಡರ್‌ವರೆಗೆ

ಹಾಕಿಯಲ್ಲಿ ಗೋಲು ಹೊಡೆದವನ ಹೆಸರು ದಾಖಲೆಗೆ ಸೇರುತ್ತದೆ, ತಡೆದ ಗೋಲ್‌ಕೀಪರ್‌ನ ಹೆಸರೂ ವರದಿಯಲ್ಲಿ ಬರುತ್ತದೆ. ಆದರೆ ಇವರಿಬ್ಬರ ನಡುವೆ ಎದುರಾಳಿಯಿಂದ ಚೆಂಡು ಕಸಿದು, ಮುಂದಿನ ಸಾಲಿಗೆ ದಾಟಿಸಿ, ಅದು ಕೈತಪ್ಪಿದ ಕೂಡಲೇ ಮತ್ತೆ ಹಿಂದಕ್ಕೆ ಓಡುವವನ ದುಡಿಮೆಗೆ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಕರಾವಳಿಯ ಹಂಗಾರಕಟ್ಟೆ, ಸಾಸ್ತಾನ, ಕುಂದಾಪುರದ ಕಡೆ ಹೆಚ್ಚು ಆಡುವ ಕಬಡ್ಡಿ, ವಾಲಿಬಾಲ್‌ಗಳಲ್ಲಿ ಹಿಡಿತಕ್ಕೂ ಹೊಡೆತಕ್ಕೂ ಅಂಕ ಕೂಡಲೇ ಸಿಗುವುದರಿಂದ, ಈ ಬಗೆಯ ದುಡಿಮೆಯನ್ನು ಕಾಣಲು ಘಟ್ಟ ಹತ್ತಿ, ಹಾಕಿ ಆಡುವ ಕೊಡಗಿನತ್ತ ನೋಡಬೇಕಾಗುತ್ತದೆ.

ಭಾರತದ ತಂಡಗಳು ಬಹುಕಾಲ ಆಡಿದ್ದು ಐವರು ಮುಂಚೂಣಿಯಲ್ಲಿ, ಮೂವರು ನಡುವೆ, ಇಬ್ಬರು ಹಿಂದೆ ನಿಲ್ಲುವ ವ್ಯೂಹದಲ್ಲಿ. ನಡುವಿನ ಮೂವರಿಗೆ ಹಾಫ್ ಬ್ಯಾಕ್ ಎಂದು ಹೆಸರು. ಅಂಚಿನ ಹಾಫ್ ಎದುರಾಳಿ ವಿಂಗರ್‌ನನ್ನು ಗೆರೆಯ ಕಡೆಗೆ ಒತ್ತಿ ಕಟ್ಟಿಹಾಕಬೇಕು, ಸೆಂಟರ್ ಹಾಫ್ ಎರಡೂ ದಿಕ್ಕಿಗೆ ಆಟವನ್ನು ಹಂಚಬೇಕು. ಹುಲ್ಲಿನ ಮೈದಾನದಲ್ಲಿ ಚೆಂಡು ಎಲ್ಲಿ ಪುಟಿಯುತ್ತದೋ ಹೇಳಲಾಗದು. ಆದ್ದರಿಂದ ಹಾಫ್ ಬ್ಯಾಕ್ ಸೊಂಟ ಬಗ್ಗಿಸಿ, ಸ್ಟಿಕ್ಕನ್ನು ನೆಲಕ್ಕೆ ತಾಗಿಸಿಟ್ಟು, ಚೆಂಡನ್ನು ಮೊದಲು ನಿಲ್ಲಿಸಿ, ಬಳಿಕವಷ್ಟೇ ತಲೆಯೆತ್ತಿ ಜತೆಗಾರನನ್ನು ಹುಡುಕುತ್ತಿದ್ದ.

ಈ ಸಾಲಿನಿಂದ ಬಂದವರಲ್ಲಿ ಕೊಡಗಿನ ಮನೆಯಪಂಡ ಮುತ್ತಣ್ಣ ಸೋಮಯ್ಯ ಮುಖ್ಯರು. 1980ರ ಮಾಸ್ಕೋ ಒಲಿಂಪಿಕ್ಸ್ ಫೈನಲ್‌ನಲ್ಲಿ ಸ್ಪೇನ್ ತಂಡವನ್ನು 4-3ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿದ್ದ ಅವರು, 1984ರಲ್ಲಿ ಲಾಸ್ ಏಂಜಲಿಸ್‌ನಲ್ಲೂ ಆಡಿ, 1988ರ ಸೋಲ್ ಕೂಟದಲ್ಲಿ ನಾಯಕರಾದರು. ಚಿನ್ನದಿಂದ ಐದನೆಯ, ಬಳಿಕ ಆರನೆಯ ಸ್ಥಾನಕ್ಕೆ ಭಾರತ ಕುಸಿದ ಆ ವರ್ಷಗಳಲ್ಲಿ ಮೂರು ಒಲಿಂಪಿಕ್ಸ್ ಆಡುವುದು, ಗೆಲ್ಲುವ ತಂಡದಲ್ಲಿ ಒಂದು ಪದಕ ಪಡೆಯುವುದಕ್ಕಿಂತ ಕಷ್ಟದ ಕೆಲಸವೆಂದೇ ಹೇಳಬೇಕು.

ಸೋಮಯ್ಯನವರ ಕಾಲದಲ್ಲೇ ನೆಲ ಬದಲಾಗಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಬಂದ ಕೃತಕ ಹಾಸಿನ ಮೇಲೆ ಚೆಂಡು ನೇರವಾಗಿ, ವೇಗವಾಗಿ ಉರುಳುವುದರಿಂದ, ಅದನ್ನು ಬೆನ್ನಟ್ಟುವುದಕ್ಕಿಂತ ಅದು ಹಾಯುವ ದಾರಿಯಲ್ಲಿ ಮೊದಲೇ ಹೋಗಿ ನಿಲ್ಲುವುದು ಮುಖ್ಯವಾಯಿತು. ಎದುರಾಳಿ ರಕ್ಷಕರನ್ನು ದಾಟಿ ಮೊದಲೇ ಕಾಯುತ್ತ ನಿಲ್ಲುವುದನ್ನು ತಡೆಯುತ್ತಿದ್ದ ಆಫ್‌ಸೈಡ್ ನಿಯಮ 1990ರ ದಶಕದ ಕೊನೆಗೆ ರದ್ದಾದಾಗ ಆಟದ ಕಣ ಉದ್ದುದ್ದಕ್ಕೆ ಹಿಗ್ಗಿತು. ನಡುವೆ ಉಂಟಾದ ಖಾಲಿ ಜಾಗವನ್ನು ತುಂಬುವ ಹೊಣೆ ಹಾಫ್ ಬ್ಯಾಕ್‌ಗಳ ಮೇಲೆಯೇ ಬಿತ್ತು, ಅವರ ಹೆಸರೂ ಮಿಡ್‌ಫೀಲ್ಡರ್ ಎಂದಾಯಿತು.

ಇದೇ ದುಡಿಮೆಯನ್ನು ಎಣಿಸಿ ಗೌರವಿಸಿದ ಆಟವೆಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಮೊಟ್ಟೆಯಾಕಾರದ ಮೈದಾನದಲ್ಲಿ ತಲಾ 18 ಮಂದಿ ಆಡುವ ಈ ಆಟದಲ್ಲಿ ಒದ್ದೋ, ಮುಷ್ಟಿಯಿಂದ ಗುದ್ದಿಯೋ ಚೆಂಡನ್ನು ದಾಟಿಸಿದ ಪ್ರತಿ ಸಲವೂ ಆಟಗಾರನ ಹೆಸರಿಗೆ ಜಮೆಯಾಗುತ್ತದೆ. 2018ರಲ್ಲಿ ಹಾಥಾರ್ನ್ ತಂಡದ ಟಾಮ್ ಮಿಚೆಲ್ ಒಂದೇ ಪಂದ್ಯದಲ್ಲಿ 54 ಬಾರಿ ಹೀಗೆ ಚೆಂಡು ದಾಟಿಸಿ, ಅದೇ ವರ್ಷ ಬ್ರೌನ್‌ಲೋ ಪದಕ ಪಡೆದರು. ಅಂಪೈರ್‌ಗಳ ಮತದಿಂದ ಋತುವಿನ ಶ್ರೇಷ್ಠ ಆಟಗಾರನಿಗೆ 1924ರಿಂದ ನೀಡುತ್ತಿರುವ ಈ ಪದಕ ಇತ್ತೀಚಿನ ದಶಕಗಳಲ್ಲಿ ಹೆಚ್ಚಾಗಿ ನಡುಸಾಲಿನವರಿಗೇ ಸಂದಿದೆ. ಎರಡೂ ಆಟಗಳ ನಡುವೆ ಕೊಡುಕೊಳ್ಳುವಿಕೆಯೂ ಇತ್ತು: ಆಸ್ಟ್ರೇಲಿಯಾ ಮಹಿಳಾ ಹಾಕಿ ತಂಡಕ್ಕೆ 1996 ಮತ್ತು 2000ರಲ್ಲಿ ಒಲಿಂಪಿಕ್ ಚಿನ್ನ ತಂದುಕೊಟ್ಟ ತರಬೇತುದಾರ ರಿಕ್ ಚಾರ್ಲ್ಸ್‌ವರ್ತ್ ಮುಂದೆ ಫ್ರೀಮ್ಯಾಂಟಲ್ ಫುಟ್‌ಬಾಲ್ ಕ್ಲಬ್ಬಿನಲ್ಲೂ ಕೆಲಸ ಮಾಡಿ, 2008ರ ಸುಮಾರಿಗೆ ಭಾರತದ ಹಾಕಿಗೆ ಸಲಹೆಗಾರರಾಗಿ ಬಂದರು, ಆದರೆ ಹೆಚ್ಚು ಕಾಲ ನಿಲ್ಲಲಿಲ್ಲ.

ಕೊಡಗಿನ ಮುಂದಿನ ತಲೆಮಾರು ಈ ಹೊಸ ಆಟವನ್ನೇ ಕಲಿತು ಬಂತು. 2001ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಕಿರಿಯರ ವಿಶ್ವಕಪ್ ಗೆದ್ದ ತಂಡದ ಅರ್ಜುನ್ ಹಾಲಪ್ಪ 2004ರ ಅಥೆನ್ಸ್ ಒಲಿಂಪಿಕ್ಸ್ ಆಡಿದರು; ಸಣ್ಣುವಂಡ ಕುಶಾಲಪ್ಪ ಉತ್ತಪ್ಪ 2012ರ ಲಂಡನ್ ಮತ್ತು 2016ರ ರಿಯೊ ಕೂಟಗಳಲ್ಲಿ ನಡುಸಾಲು ಕಾದರು. ಸೋಮಯ್ಯನವರ ಕಾಲದಲ್ಲಿ ತಲಾ 35 ನಿಮಿಷಗಳ ಎರಡು ಅವಧಿಗಳಿದ್ದರೆ, ಉತ್ತಪ್ಪನವರ ರಿಯೊ ಕೂಟದ ಹೊತ್ತಿಗೆ 15 ನಿಮಿಷಗಳ ನಾಲ್ಕು ಭಾಗಗಳಾದವು. 1990ರ ದಶಕದಲ್ಲೇ ಬಂದಿದ್ದ ಮಿತಿಯಿಲ್ಲದ ಬದಲಿ ಆಟಗಾರರ ಸೌಲಭ್ಯದಿಂದಾಗಿ ನಡುಸಾಲಿನವನು ಕೆಲವೇ ನಿಮಿಷ ಪೂರ್ತಿ ಬಿರುಸಿನಲ್ಲಿ ಓಡಿ, ಹೊರಗೆ ಕುಳಿತು ಉಸಿರು ಸುಧಾರಿಸಿಕೊಂಡು ಮತ್ತೆ ಒಳಗೆ ಬರುತ್ತಾನೆ.