ಬಣ್ಣದ ಅಡಿಯ ಸಾಕ್ಷ್ಯ: ಮೈಸೂರಿನ ಇಎಸ್ 506 ಉಗಿ ಎಂಜಿನ್‌ನ ಸಂರಕ್ಷಣೆ

ಕೃಷ್ಣರಾಜಪೇಟೆ ತಾಲ್ಲೂಕಿನ ನಮ್ಮ ಶೀಳನೆರೆ ಹೋಬಳಿ ಎರಡು ರೈಲುಮಾರ್ಗಗಳ ನಡುವಿನ ಸೀಮೆ. ಒಂದು ಕಡೆ ಪಾಂಡವಪುರ, ಶ್ರೀರಂಗಪಟ್ಟಣಗಳ ಮೇಲೆ ಹಾಯುವ ಬೆಂಗಳೂರು–ಮೈಸೂರು ಮಾರ್ಗ. ಇನ್ನೊಂದು ಕಡೆ ಅಕ್ಕಿಹೆಬ್ಬಾಳು, ಮಂದಗೆರೆಗಳ ಮೂಲಕ ಸಾಗುವ ಮೈಸೂರು–ಅರಸೀಕೆರೆ ಮಾರ್ಗ. ಮೊದಲನೆಯದು 1882ರಲ್ಲಿ ಮೈಸೂರು ಮುಟ್ಟಿತು. ಪಾಂಡವಪುರ ನಿಲ್ದಾಣಕ್ಕೆ ಆಗ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಎರಡೂ ಮೀಟರ್‌ಗೇಜ್ ಮಾರ್ಗಗಳಾಗಿದ್ದವು.

ಆ ಗೇಜಿನ ಉಗಿಯುಗದ ಕುರುಹಾಗಿ ನಮ್ಮ ಸಮೀಪದಲ್ಲೇ ಉಳಿದಿರುವುದು 1979ರಲ್ಲಿ ಸ್ಥಾಪನೆಯಾದ ಮೈಸೂರು ರೈಲು ವಸ್ತುಸಂಗ್ರಹಾಲಯದ ಇಎಸ್ 506. ಗುಜರಿಯ ಪಾಲಾಗಬೇಕಿದ್ದ ಈ ಎಂಜಿನ್ನನ್ನು ಉಳಿಸಿ, ದುರಸ್ತಿ ಮಾಡಿ ಇಲ್ಲಿ ನಿಲ್ಲಿಸಿದ್ದಾರೆ. ಇದರ ಚಕ್ರವಿನ್ಯಾಸ 4-6-2. ಮುಂದಿನ ನಾಲ್ಕು ಸಣ್ಣ ಗಾಲಿಗಳು ತಿರುವುಗಳಲ್ಲಿ ದಾರಿ ಹಿಡಿಸುತ್ತವೆ, ನಡುವಿನ ಆರು ದೊಡ್ಡ ಗಾಲಿಗಳು ಎಳೆಯುತ್ತವೆ, ಕೊನೆಯ ಎರಡು ಹಿಂಭಾಗದ ಭಾರ ಹೊರುತ್ತವೆ. ಪ್ರಯಾಣಿಕರ ಗಾಡಿಗೆ ಬೇಕಾದ ಸ್ಥಿರ ಓಟಕ್ಕೆ ಹೊಂದುವ ವಿನ್ಯಾಸವಿದು.

ಗುಜರಿಯಿಂದ ಪಾರಾದ ಮಾತ್ರಕ್ಕೆ ಎಂಜಿನ್ ಉಳಿಯಿತೆನ್ನಲು ನನಗೆ ಮನಸ್ಸಿಲ್ಲ. ಉಗಿ ಎಂಜಿನ್ನಿನ ಚರಿತ್ರೆಯ ಬಹುಭಾಗ ಅದರ ಕಬ್ಬಿಣದ ಮೇಲೇ ಇರುತ್ತದೆ. ಕಾರ್ಯಾಗಾರಗಳಲ್ಲಿ ಕನೆಕ್ಟಿಂಗ್ ರಾಡಿನಂಥ ಬಿಡಿಭಾಗಗಳ ಮೇಲೆ ಎಂಜಿನ್ ಸಂಖ್ಯೆಯನ್ನು ಒತ್ತುವ ರೂಢಿಯಿತ್ತು. ಓವರ್‌ಹಾಲಿಂಗ್ ವೇಳೆ ಒಂದರ ಭಾಗ ಇನ್ನೊಂದಕ್ಕೆ ಸೇರುತ್ತಿತ್ತು. ಆದ್ದರಿಂದ ರಾಡಿನ ಮೇಲೆ ಬೇರೆ ಸಂಖ್ಯೆ ಕಂಡರೆ, ಕಡತಗಳು ಕಳೆದುಹೋಗಿದ್ದರೂ ದುರಸ್ತಿಯ ಜಾಡು ಸಿಕ್ಕಂತೆ. ಪ್ರದರ್ಶನಕ್ಕೆಂದು ಪದರದ ಮೇಲೆ ಪದರ ಬಳಿಯುವ ಬಣ್ಣ ಈ ಅಂಕಿಗಳನ್ನು ಮುಚ್ಚಿಬಿಡುತ್ತದೆ. ಗುಡಿಯ ಶಾಸನಕ್ಕೆ ಸುಣ್ಣ ಹೊಡೆದ ಹಾಗೆ. ಒಳಗಿನ ಅಪಾಯ ಬೇರೆ. ಹೊಗೆಪೆಟ್ಟಿಗೆಯಲ್ಲಿ ಉಳಿದ ಬೂದಿ ತೇವ ಹೀರಿ ತಗಡನ್ನು ತಿನ್ನುತ್ತದೆ. ಹೊರಗೆ ಮಿರುಗುವ ಎಂಜಿನ್ ಒಳಗೆ ಟೊಳ್ಳಾಗಿರಬಹುದು.

ಮೇಲೆ ಹೇಳಿದ ಎರಡೂ ಮಾರ್ಗಗಳ ಹಳಿಗಳು 1990ರ ದಶಕದಲ್ಲಿ ಬ್ರಾಡ್‌ಗೇಜ್ ಆದವು. 1000 ಮಿ.ಮೀ. ಅಗಲದ ಹಳಿಗಾಗಿ ಕಟ್ಟಿದ ಎಂಜಿನ್ 1676 ಮಿ.ಮೀ. ಹಳಿಯ ಮೇಲೆ ಓಡಲಾರದು. ಮುಂದೆ ಬೆಂಗಳೂರು–ಮೈಸೂರು ಮಾರ್ಗದ ಜೋಡಿಹಳಿ ಕಾಮಗಾರಿಗಾಗಿ 2017ರಲ್ಲಿ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನಮನೆಯನ್ನು ಇಡಿಯಾಗಿ ಸರಿಸಿ ಉಳಿಸಿದರು. ಅಂಥದೇ ಕಾಳಜಿ ಮೀಟರ್‌ಗೇಜಿನ ವಸ್ತುಗಳಿಗೂ ಸಲ್ಲಬೇಕು. ಇಎಸ್ 506ಕ್ಕೆ ಮುಂದಿನ ಬಾರಿ ಬಣ್ಣ ಬಳಿಯುವ ಮೊದಲು ಹಳೆಯ ಪದರ ಕೆರೆದು, ಕಂಡ ಪ್ರತಿ ಅಂಕಿಯ ಛಾಯಾಚಿತ್ರ ಮತ್ತು ಅಚ್ಚುಪ್ರತಿ ತೆಗೆದಿಡಬೇಕು. ಈ ಎರಡು ಮಾರ್ಗಗಳಲ್ಲಿ ದುಡಿದ ಫೈರ್‌ಮನ್, ಫಿಟ್ಟರ್‌ಗಳ ನೆನಪುಗಳನ್ನೂ ಅದರ ಜೊತೆಗೇ ದಾಖಲಿಸಬೇಕು.